ಅವನ ಬೆವರು, ಅವ್ವನ ಕಾಲು

ಒಬ್ಬರು ಬೆವರು ಸುರಿಸಿದರೆ ಇನ್ನೊಬ್ಬರ ರಕ್ತದ ಸಕ್ಕರೆ ಇಳಿಯುವಂತಿದ್ದರೆ ಏನಾದೀತು?

ನಾನು ಮೊದಲ ಸಲ ಈ ಪ್ರಶ್ನೆ ಕೇಳಿದಾಗ ನನ್ನ ಪ್ರೊಫೆಸರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ತಂಗೀ, ನೀ ಮದುವಿ ಆಗು" ಎಂದರು. ನಾನು ಮದುವೆ ಆಗಲಿಲ್ಲ, ಯಂತ್ರ ಮಾಡಿದೆ. ಅದೇ ಪ್ರೊಫೆಸರು ಈಗ ನಮ್ಮ ಕೇಂದ್ರದ ಗಿರಾಕಿ. ಮಂಚದ ಮೇಲೆ ಕೂತು ಪತ್ರಿಕೆ ಓದುತ್ತಾರೆ, ಅವರ ಪಾಲಿನ ಸೈಕಲ್ಲನ್ನು ಇಲ್ಲಿ ತಾಂಡಾದ ಹುಡುಗನೊಬ್ಬ ತುಳಿಯುತ್ತಾನೆ.

ಇಲ್ಲಿ ಅಂದರೆ ವಿಜಯಪುರದ ಹೊರವಲಯದ ಜೋಡಿ ಕೇಂದ್ರದಲ್ಲಿ. ಕೆಳಗೆ ದೊಡ್ಡ ಹಾಲ್, ಅದರ ತುಂಬ ನೆಲಕ್ಕೆ ಬಿಗಿದ ಸೈಕಲ್ಲುಗಳು. ಮೇಲೆ ಗಾಜಿನ ಕೋಣೆ, ಅದರ ತುಂಬ ಪರದೆಗಳು. ಈ ಯಂತ್ರವನ್ನು ಬೆಂಗಳೂರಿನಲ್ಲಿ ಹಾಕಿ ಎಂದು ಬಹಳ ಜನ ಹೇಳಿದರು. ಬೆಂಗಳೂರಿನಲ್ಲಿ ತುಳಿಸಿಕೊಳ್ಳುವವರು ಸಿಗುತ್ತಾರೆ, ತುಳಿಯುವವರು ಎಲ್ಲಿ ಸಿಗಬೇಕು? ನಮ್ಮ ಕಡೆ ನಡಿಗೆ ಕಲಿಯುತ್ತಲೇ ಮಕ್ಕಳಿಗೆ ಸೈಕಲ್ ಹುಚ್ಚು ಹತ್ತುತ್ತದೆ. ಕರಿ ಮಣ್ಣಿನ ಸೀಮೆ, ಗುಡ್ಡ ಅಡ್ಡವಿಲ್ಲದ ರಸ್ತೆ, ಎದುರು ಗಾಳಿ. ಅಂಥಲ್ಲಿ ತುಳಿದ ಕಾಲಿಗೆ ಬೇರೆಯದೇ ಕಸುವು.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಉಂಡ ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆಯ ಹಿಂದೆ ಅಡಗಿ ಕೂತಿರುವ ಮೇದೋಜೀರಕ ಗ್ರಂಥಿಗೆ ಅದು ಗೊತ್ತಾಗಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಹೋಗಿ ಸ್ನಾಯುಗಳ ಕದ ಬಡಿಯುತ್ತದೆ, ಕದ ತೆರೆದರೆ ಸಕ್ಕರೆ ಒಳಗೆ ಹೋಗುತ್ತದೆ. ಮಿಕ್ಕಿದ್ದನ್ನು ಯಕೃತ್ತು ಕೂಡಿಟ್ಟುಕೊಂಡು ಹಸಿವಾದಾಗ ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತದೆ. ಸಕ್ಕರೆ ರೋಗದವರ ಸ್ನಾಯು ಈ ಬಡಿತಕ್ಕೆ ಕಿವುಡಾಗಿರುತ್ತದೆ. ಆದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯುವುದೇ ಇಲ್ಲ. ಒಳಗಿನಿಂದ ತಾನೇ ಅಗಳಿ ಸರಿಸಿ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ. ಆ ಅಗಳಿ ಸರಿಸುವ ಸಂಕೇತವನ್ನೇ ನಾವು ಹಿಡಿದದ್ದು. ತುಳಿಯುವವರ ತೊಡೆಯಲ್ಲೊಂದು ಬಿಲ್ಲೆ, ಕೂತವರ ತೊಡೆಯಲ್ಲೊಂದು ಬಿಲ್ಲೆ. ಇಲ್ಲಿ ತುಳಿದದ್ದು ಅಲ್ಲಿ ಮುಟ್ಟುತ್ತದೆ. ಕೂತವರ ತೊಡೆ ನೊಣ ಕೂತ ಎತ್ತಿನ ಚರ್ಮದಂತೆ ಸಣ್ಣಗೆ ಅದುರುತ್ತದೆ, ಸಕ್ಕರೆ ಇಳಿಯುತ್ತದೆ. ಒಮ್ಮೆ ತುಳಿದದ್ದನ್ನು ಮುದ್ರಿಸಿಟ್ಟು ದಿನಾ ಅದನ್ನೇ ಕೊಟ್ಟರಾಗದೇ? ಮಾಡಿ ನೋಡಿದ್ದೇವೆ. ಕೆಲವು ದಿನಗಳಲ್ಲೇ ದೇಹಕ್ಕೆ ಮೋಸ ಗೊತ್ತಾಗಿಬಿಡುತ್ತದೆ. ಅದಕ್ಕೆ ಜೀವಂತ ಮನುಷ್ಯನ ದಣಿವೇ ಬೇಕು.

ಊರಿಗೆಲ್ಲ ಸಕ್ಕರೆ ಇಳಿಸುವ ಡಾಕ್ಟರಮ್ಮನ ಮನೆಯಲ್ಲಿ ಅವಳ ಅವ್ವನ ಕಾಲು ಕೊಳೆಯುತ್ತಿತ್ತು.

ಅವ್ವನ ಹೆಸರು ಸಾತವ್ವ. ಚಪ್ಪಲಿಯ ಪಟ್ಟಿ ತಾಗಿ ಆದ ಗಾಯ ಮಾಯದೆ, ಹೆಬ್ಬೆರಳಿನಿಂದ ಪಾದಕ್ಕೆ ಹಬ್ಬಿತ್ತು. ಗುಳಿಗೆಗಳು ಕೈಚೆಲ್ಲಿದ್ದವು. ಶಸ್ತ್ರವೈದ್ಯರು ಗಾಯ ನೋಡಿ, "ಸಕ್ಕರೆ ಹೀಗೇ ಇದ್ದರೆ ಪಾದ ತೆಗೆಯಬೇಕಾಗುತ್ತದೆ" ಎಂದಿದ್ದರು. ಅದಕ್ಕೆ ಮದ್ದು ಇನ್ಸುಲಿನ್. ಹತ್ತನೇ ತರಗತಿಯ ಹುಡುಗರಿಗೂ ಗೊತ್ತಿರುವ ವಿಷಯ. ಅವ್ವ ಒಪ್ಪುತ್ತಿರಲಿಲ್ಲ.

"ಕಾಲ್ ಕಡದ್ರ ಕಡೀಲಿ" ಎನ್ನುತ್ತಿದ್ದಳು, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಜೋಳ ಹಸನು ಮಾಡುತ್ತ. "ಆ ಸೂಜಿ ಮಾತ್ರ ನನ್ ಮೈಗೆ ಹಚ್ಚಬ್ಯಾಡ. ಅದು ನನ್ ಕೂಸಿನ್ ತಿಂದೈತಿ."

"ಅವ್ವಾ, ಅದು ಔಷಧ. ತಿಂದದ್ದು ಔಷಧ ಅಲ್ಲ, ಆ ಮನಷ್ಯಾ."

"ನಂಗ ಎರಡೂ ಒಂದ. ಬಾಯಿ ಮುಚ್ಚಿ ಊಟಾ ಮಾಡು."

ಅವಳ ಕೂಸು ಎಂದರೆ ದಾನಮ್ಮ, ನಮ್ಮ ದಾನಿ, ನನ್ನ ತಂಗಿ. ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಿದ್ದಾಗ ಅವಳು ಸೈಕಲ್ ಅಕಾಡೆಮಿ ಸೇರಿದ್ದಳು. ನನಗಿಂತ ಚೆಲುವೆ, ನನಗಿಂತ ಬಾಯಿಬಡಕಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದೇ ಅವಮಾನ ಎಂದುಕೊಂಡವಳು. ಅವಳ ತರಬೇತುದಾರ ಚನಮಲ್ಲಪ್ಪ ಕೊಟ್ಯಾಳ. ಹಿಂದೊಮ್ಮೆ ತಾನೇ ರಾಜ್ಯದ ಚಾಂಪಿಯನ್ ಆಗಿದ್ದವನು. ಎರಡು ದಿನಗಳ ಸ್ಪರ್ಧೆ. ಮೊದಲ ದಿನದ ಓಟ ಮುಗಿದ ಸಂಜೆ ದಾನಿ ಕುಸಿದು ಬಿದ್ದು ಸತ್ತಳು. ಹುಟ್ಟಿನಿಂದಲೇ ಹೃದಯ ದುರ್ಬಲವಾಗಿತ್ತು ಎಂದು ಅವನು ಎಲ್ಲರಿಗೂ ಹೇಳಿದ. ಯಾರೂ ಕೊಯ್ದು ನೋಡಲಿಲ್ಲ.

ಮಣ್ಣು ಮಾಡುವ ಮೊದಲು ಹೆಣಕ್ಕೆ ನೀರು ಹಾಕುವವರು ನಮ್ಮಲ್ಲಿ ಹೆಂಗಸರು. ಹಾಗೆ ನೀರು ಹಾಕುವಾಗ ಅವ್ವ ಮಗಳ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಗುರುತು ಕಂಡಳು. ಠಾಣೆಗೆ ಓಡಿದಳು. "ಇರುವಿ ಕಡದಿರಬೇಕ್ ಬಿಡಬೇ" ಎಂದು ನಕ್ಕು ಕಳಿಸಿದರು. ಆಮೇಲೆ ಜೊತೆಯ ಹುಡುಗಿಯರು ನನ್ನ ಹತ್ತಿರ ಗುಟ್ಟಾಗಿ ಹೇಳಿದರು: ದಾನಿ ಸಾಯುವ ಮೊದಲು ಒದ್ದೆ ಮುದ್ದೆಯಾಗುವಷ್ಟು ಬೆವತಿದ್ದಳು, ಕಾರಣವಿಲ್ಲದೆ ನಗುತ್ತಿದ್ದಳು, ಸರ್‌ನನ್ನೇ 'ಅವ್ವಾ' ಎಂದು ಕರೆದಿದ್ದಳು. ಇವು ಸಕ್ಕರೆ ಪಾತಾಳಕ್ಕಿಳಿದ ಮಿದುಳಿನ ಲಕ್ಷಣಗಳು. ದಣಿದ ಸ್ನಾಯು ಬೇಗ ತುಂಬಿಕೊಳ್ಳಲೆಂದು ಓಟದ ನಂತರ ಕದ್ದು ಇನ್ಸುಲಿನ್ ಚುಚ್ಚುವ ಅನಿಷ್ಟ ಪದ್ಧತಿಯೊಂದಿದೆ. ಚುಚ್ಚಿದ ಕೂಡಲೇ ಹೊಟ್ಟೆ ತುಂಬ ಉಣ್ಣಿಸಬೇಕು. ಉಣ್ಣಿಸದಿದ್ದರೆ ಸಾವು. ಓದಿದ್ದರಿಂದ ನನಗೆ ತಿಳಿಯಿತು. ತಿಳಿದು ಏನು ಮಾಡಲಿ? ಮಣ್ಣಿನೊಳಗೆ ಹೋದ ಮೈಯಲ್ಲಿ ಇನ್ಸುಲಿನ್ ಹುಡುಕಲು ಯಾವ ದೇವರಿಂದಲೂ ಆಗುವುದಿಲ್ಲ.

ಸೂಜಿ ಬೇಡವಾದರೆ ಅವ್ವನಿಗೆ ಉಳಿದದ್ದು ನನ್ನ ಬಿಲ್ಲೆಯೊಂದೇ. ಅದನ್ನೂ ಹಾಕಿದೆ. ಆದರೆ ನಮ್ಮಲ್ಲಿ ತುಳಿಯುವವರೆಲ್ಲ ಹರೆಯದವರು. ಪ್ರೊಫೆಸರರಂಥ ಗಟ್ಟಿ ಹೃದಯ ಅದನ್ನು ತಡೆಯುತ್ತದೆ, ಅವ್ವನದು ತಡೆಯಲಿಲ್ಲ. ಅವರ ಸಂಕೇತ ಬಂದು ಮುಟ್ಟಿದ ಕೂಡಲೇ ಅವ್ವನ ಹೃದಯವೂ ಅವರ ಹೃದಯದ ಹಿಂದೆ ಓಡತೊಡಗುತ್ತಿತ್ತು. ಒಮ್ಮೆಯಂತೂ ಎದೆ ಹಿಡಿದುಕೊಂಡು, "ಏ ನೀಲಾ, ತಗೀ ಇದನ್ನ, ಕುದುರಿ ಹೊಕ್ಕಂಗಾಗೇತಿ" ಎಂದು ಚೀರಿದಳು.

ನಮ್ಮ ಎಂಜಿನಿಯರ್ ರಝಾಕ್ ಇನಾಮದಾರ ಲೆಕ್ಕ ಹಾಕಿ ಹೇಳಿದ: "ಮೇಡಂ, ಅವ್ವಾರಿಗೆ ಅವರ ವಾರಗಿಯವರ ಕಾಲ ಬೇಕ್ರಿ. ಅರವತ್ತರ ಆಸುಪಾಸು ಇರ್ಬೇಕು, ಆದ್ರ ಹುಟ್ಟಾ ತುಳದಿರ್ಬೇಕು. ನಿಧಾನದ ಗಟ್ಟಿ ಕಾಲು. ಅಂಥವ್ರು ಎಲ್ಲಿ ಸಿಗತಾರ್ರಿ?"

ಸಿಕ್ಕ. ತಾನಾಗಿ ಕಾರಿನಲ್ಲಿ ಬಂದ.

ಕೊಟ್ಯಾಳನ ಹೊಟ್ಟೆ ಅವನಿಗಿಂತ ಮೊದಲು ನನ್ನ ಕೋಣೆಯೊಳಗೆ ಬಂತು. ಕಣ್ಣಿಗೆ ಕಪ್ಪು ಕನ್ನಡಕ. ಸಕ್ಕರೆ ಏರಿ ಕಣ್ಣಿನ ಒಳಪರದೆಯಲ್ಲಿ ರಕ್ತ ಸೋರುತ್ತಿತ್ತಂತೆ. ನನ್ನ ಬಾಗಿಲ ಮೇಲೆ 'ಡಾ. ನೀಲಗಂಗಾ' ಎಂದಷ್ಟೇ ಇದೆ. ಅವನು ಗುರುತು ಹಿಡಿಯಲಿಲ್ಲ. ಹುಡುಗಿಯರ ಮನೆಯವರ ಮುಖವನ್ನು ಅವನು ಯಾವತ್ತು ನೋಡಿದ್ದ?

"ಡಾಕ್ಟರು ವ್ಯಾಯಾಮ ಮಾಡಂತಾರ ಮೇಡಂ" ಎಂದು ನಕ್ಕ. "ನಾ ತುಳಿಯೂದೆಲ್ಲ ಯಾವಾಗೋ ತುಳದೀನಿ. ಇನ್ನ ಯಾರರ ತುಳೀಲಿ, ನಾ ಕುಂದರ್ತೀನಿ. ಒಂದ್ ಚಲೋ ಹುಡುಗೀನ ಜೋಡಿ ಮಾಡ್ರಿ. ಹುಡುಗ್ಯಾರು ಹೇಳಿದಂಗ ಕೇಳ್ತಾರ."

ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಹಿಡಿದುಕೊಳ್ಳದಿದ್ದರೆ ಅಲ್ಲಿದ್ದ ಪೇಪರ್‌ವೇಟು ಅವನ ಹಣೆಗೆ ಹೋಗುತ್ತಿತ್ತು. "ಈಗಲೂ ಅಕಾಡೆಮಿ ನಡೆಸ್ತೀರೇನು?" ಎಂದು ಕೇಳಿದೆ.

"ಜೋರ್ ನಡದೈತ್ರಿ. ಈ ವರ್ಷ ಹೊಸಾ ಹುಡುಗ್ಯಾರು ಭಾಳ ಬಂದಾರ."

ಹೊಸಾ ಹುಡುಗ್ಯಾರು! ನನ್ನ ಕಿವಿಯಲ್ಲಿ ಆ ಎರಡು ಮಾತು ಬಿಟ್ಟು ಬೇರೇನೂ ಉಳಿಯಲಿಲ್ಲ.

ಬಂದವರಿಗೆಲ್ಲ ಮಾಡುವಂತೆ ಅವನ ತೊಡೆಯ ಅಳತೆ ತೆಗೆದೆವು. ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, ತೊಡೆ ಇನ್ನೂ ತುಳಿದವನ ತೊಡೆಯೇ. ಸ್ವಲ್ಪ ಹೊತ್ತಿಗೆ ಗಾಜಿನ ಕೋಣೆಯಿಂದ ರಝಾಕ್ ಓಡುತ್ತ ಬಂದ. ಅವನ ಮುಖ ಅರಳಿತ್ತು.

"ಮೇಡಂ, ಇವ್ರಿಗೆ ಜೋಡಿ ಕೂಡೂದಿಲ್ಲ. ಹರೇದ ಹುಡುಗ್ಯಾರ ಸಂಕೇತ ಇವ್ರ ಹೃದಯಾನೂ ತಡಿಯೂದಿಲ್ಲ. ಆದ್ರ ಇವ್ರ ತುಳದ್ರ ಅಂದ್ರ... ಅವ್ವಾರಿಗೆ ಹೇಳಿ ಮಾಡಿಸಿದಂಗೈತ್ರಿ! ಕೂದಲೆಳಿ ಫರಕ ಇಲ್ಲ. ಅವ್ವಾರ ಕಾಲ ಉಳೀತೈತಿ ಮೇಡಂ!"

ಪಾಪ, ಅವನಿಗೇನು ಗೊತ್ತು? ಇಷ್ಟು ದೊಡ್ಡ ಜಗತ್ತಿನಲ್ಲಿ ನನ್ನವ್ವನಿಗೆ ಈ ಹಡಬಿಟ್ಟಿಯ ಕಾಲೇ ಹೊಂದಬೇಕೇ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ರಝಾಕ್ ಅದನ್ನು ಸಂತೋಷದ ನೀರು ಎಂದುಕೊಂಡು ತನ್ನ ಕರ್ಚೀಫು ಕೊಟ್ಟ.

ಜೋಡಿ ಕೂಡುವುದಿಲ್ಲ ಎಂದು ಕೊಟ್ಯಾಳನಿಗೆ ಆಗಲೇ ಹೇಳಿ ಕಳಿಸಬಹುದಿತ್ತು. ನಾನು ಹೇಳಲಿಲ್ಲ. "ಇನ್ನೊಂದು ಪರೀಕ್ಷೆ ಐತಿ, ಮಲಕೋರಿ" ಎಂದೆ.

ಅದಕ್ಕೆ ನಾವು ಇಳಿಕೆ ಪರೀಕ್ಷೆ ಎನ್ನುತ್ತೇವೆ. ಒಂದು ಕೈಗೆ ಇನ್ಸುಲಿನ್ ಕೊಳವೆ, ಇನ್ನೊಂದು ಕೈಗೆ ಗ್ಲುಕೋಸ್ ಕೊಳವೆ. ನಮ್ಮ ಕಾವಲಿನಲ್ಲೇ ಸಕ್ಕರೆಯನ್ನು ಮೆಲ್ಲಗೆ ಇಳಿಸುತ್ತ ಹೋಗುತ್ತೇವೆ, ದೇಹ ಯಾವಾಗ ಎಚ್ಚರಗೊಳ್ಳುತ್ತದೆ ಎಂದು ನೋಡುತ್ತೇವೆ. ನೆಟ್ಟಗಿರುವ ದೇಹದಲ್ಲಿ ಸಕ್ಕರೆ ತೀರಾ ಇಳಿದರೆ ಗ್ಲುಕಗಾನ್ ಎಂಬ ಹಾರ್ಮೋನು ಹೋಗಿ ಯಕೃತ್ತನ್ನು ತಟ್ಟಿ ಎಬ್ಬಿಸುತ್ತದೆ, ಅಡ್ರಿನಲಿನ್ ಮೈಯಲ್ಲೆಲ್ಲ ಡಂಗುರ ಸಾರುತ್ತದೆ. ಬೆವರು, ನಡುಕ, ಹಸಿವು ಎಲ್ಲ ಆ ಡಂಗುರವೇ. ಅದಕ್ಕೂ ಬಗ್ಗದೆ ಇಳಿದರೆ ಮಿದುಳು ಮಂಜಾಗುತ್ತದೆ. ಪರದೆಯ ಕೆಂಪು ಗೆರೆ ಮುಟ್ಟಿದೊಡನೆ ಗ್ಲುಕೋಸ್ ಕೊಳವೆಯ ತಿರುಗಣಿ ಬಿಚ್ಚಬೇಕು. ಅದು ನನ್ನ ಕೈಯಲ್ಲಿತ್ತು.

ಕೊಟ್ಯಾಳನ ಹಣೆ ಮೊದಲು ಬೆವತಿತು. ಆಮೇಲೆ ಕೈ ನಡುಗಿತು. "ಹಸಿವಾಗಾಕತ್ತೈತ್ರಿ ಮೇಡಂ. ಏನರ ತಿನ್ನಾಕ ಕೊಡ್ರಿ" ಎಂದ.

"ತಡೀರಿ. ನಿಮ್ ಹೆಸರು ಹೇಳ್ರಿ."

ಹೇಳಿದ. ಊರು ಕೇಳಿದೆ, ತಡವರಿಸಿ ಹೇಳಿದ. ಸುಮ್ಮಸುಮ್ಮನೆ ನಕ್ಕ. ಗೆರೆ ಮುಟ್ಟಿತು. ಗಾಜಿನ ಕೋಣೆಯಿಂದ ರಝಾಕನ ದನಿ ಬಂತು: "ಮೇಡಂ, ಗ್ಲುಕೋಸ್." ನನ್ನ ಬೆರಳು ತಿರುಗಣಿಯ ಮೇಲೇ ಇತ್ತು. ತಿರುವಲಿಲ್ಲ.

ಆಗ ಅವನು ನನ್ನತ್ತ ತಿರುಗಿದ. ಕಪ್ಪು ಕನ್ನಡಕ ಜಾರಿ ಕಿವಿಗೆ ಜೋತುಬಿದ್ದಿತ್ತು. ನನಗೂ ದಾನಿಗೂ ಮುಖದಲ್ಲಿ ಹೋಲಿಕೆ ಬಹಳ, ಊರೆಲ್ಲ ಹೇಳುತ್ತಿದ್ದರು. ಅವನ ಮಂಜು ಮುಸುಕಿದ ಮಿದುಳಿಗೆ ನನ್ನ ವಯಸ್ಸು ಕಾಣಲಿಲ್ಲ, ಹೋಲಿಕೆಯಷ್ಟೇ ಕಂಡಿತು.

"ದಾನವ್ವಾ" ಎಂದ. "ಹಂಗ್ ನೋಡಬ್ಯಾಡ. ಉಂಡಿದ್ರ ಏನೂ ಆಗತಿರಲಿಲ್ಲ. ನಾನ ತಡಾ ಮಾಡಿದೆ... ಫೋಟೋದವ್ರು ಬಂದಿದ್ರು... ಸಾಹೇಬ್ರು ಹಾರಾ ಹಾಕೂತನಕ ಉಣಬ್ಯಾಡ ಅಂದೆ. ನೀ ನಡಗಾಕತ್ತಿದ್ದಿ. ನಾಟಕ ಮಾಡಬ್ಯಾಡ ಅಂದೆ. ಸೂಜಿ ನಂದ. ಯಾರಿಗೂ ಹೇಳಬ್ಯಾಡವಾ, ಸೂಜಿ ನಂದ."

"ಮೇಡಂ!" ರಝಾಕ್ ಈಗ ಕೂಗುತ್ತಿದ್ದ. "ಮೇಡಂ, ಮನಷ್ಯಾ ಹೋಗ್ತಾನ!"

ಒಂದು ಹಾರಕ್ಕಾಗಿ. ನನ್ನ ತಂಗಿ ಹೃದಯದ ರೋಗದಿಂದ ಸತ್ತಿರಲಿಲ್ಲ, ಸೂಜಿಯೊಂದರಿಂದಲೇ ಸತ್ತಿರಲಿಲ್ಲ. ಯಾವನೋ ಸಾಹೇಬ ಹಾರ ಹಾಕಲಿ, ಫೋಟೋದಲ್ಲಿ ತಾನೂ ಬರಲಿ ಎಂದು ಇವನು ಅವಳ ತಟ್ಟೆಯನ್ನು ದೂರ ಇಟ್ಟಿದ್ದ.

ಈಗಲೇ ಹೇಳಿಬಿಡುತ್ತೇನೆ, ನಾನು ತಿರುಗಣಿ ಬಿಚ್ಚಿದ್ದು ದಯೆಯಿಂದಲ್ಲ. ವೈದ್ಯೆಯ ಪ್ರತಿಜ್ಞೆ ಗಿತಿಜ್ಞೆ ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು ಎರಡೇ ಮಾತು. ಸಕ್ಕರೆ ಇಳಿದು ಸಾಯುವವನಿಗೆ ತಾನು ಸಾಯುತ್ತಿರುವುದೂ ಗೊತ್ತಾಗುವುದಿಲ್ಲ, ನಿದ್ದೆಗೆ ಜಾರಿದಂತೆ ಹೋಗಿಬಿಡುತ್ತಾನೆ. ಇವನಿಗೆ ಅಷ್ಟು ಸುಖ ಯಾಕೆ? ಮತ್ತೆ, ಅವ್ವನ ಪಾದ. ಇವನು ಸತ್ತರೆ ಆ ಕಾಲೂ ಸಾಯುತ್ತದೆ. ಬಿಚ್ಚಿದೆ. ಗ್ಲುಕೋಸ್ ಅವನ ರಕ್ತಕ್ಕೆ ಹರಿಯಿತು. ಅವನ ಕಣ್ಣಿಗೆ ಬುದ್ಧಿ ಮರಳುವುದನ್ನು ನೋಡುತ್ತ ನಿಂತೆ. ನನ್ನ ಜನ್ಮದಲ್ಲಿ ಅಷ್ಟು ಒಲ್ಲದ ಮನಸ್ಸಿನಿಂದ ಯಾರನ್ನೂ ಉಳಿಸಿಲ್ಲ.

ಅವನು ಎದ್ದು ಕೂತ ಮೇಲೆ 'ನೀವು' ಬಿಟ್ಟೆ.

"ನಾ ದಾನಮ್ಮನ ಅಕ್ಕ. ನೀ ಮಾತಾಡಿದ್ದೆಲ್ಲ ನಾನೂ ಕೇಳೀನಿ, ರಝಾಕೂ ಕೇಳ್ಯಾನ. ಪರೀಕ್ಷೆ ಎಲ್ಲಾ ದನಿ ಸಮೇತ ಯಂತ್ರದಾಗ ಮುದ್ರಣ ಆಗತಾವ."

ಅವನ ಮುಖ ಸುಣ್ಣವಾಯಿತು. ಆದರೂ ಎಷ್ಟು ಪಾಕಡಾ ಖದೀಮ ಎಂದರೆ, ಬೆವರು ಒರೆಸಿಕೊಳ್ಳುತ್ತ, "ಸಕ್ಕರಿ ಇಳದಾಗ ಬಡಬಡಿಸಿದ್ದು ಕೋರ್ಟಿನ್ಯಾಗ ನಿಲ್ಲೂದಿಲ್ಲ" ಎಂದ.

"ಕೋರ್ಟಿನ್ಯಾಗ ನಿಲ್ಲಲಿಕ್ಕಿಲ್ಲ. ನಿನ್ ಹಂತೇಕ ಹುಡುಗ್ಯಾರನ್ನ ಬಿಟ್ಟ ತಂದಿ ತಾಯಿ ಮುಂದ ನಿಲ್ತೈತಿ. ಕೇಳು. ಇವತ್ತ ಅಕಾಡೆಮಿ ಬಂದ್ ಮಾಡು. ಇನ್ನ ಮ್ಯಾಲೆ ಯಾವ ಹುಡುಗಿ ಸನೇಕ ಹೋದಿ ಅಂದ್ರ ನೋಡು. ದಿನಾ ಮುಂಜಾನೆ ಬಂದು ಇಲ್ಲಿ ತುಳಿ. ತುಳದ್ರ ನಾ ಪೊಲೀಸರ ಹಂತೇಕ ಹೋಗೂದಿಲ್ಲ."

"ಯಾರಿಗೆ ತುಳೀಬೇಕು?"

"ನಮ್ಮವ್ವಗ."

ಅವನು ತಲೆ ತಗ್ಗಿಸಿದ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆದರೆ ಇನ್ನೇನು ಕೇಳಬೇಕೆಂದೂ ಹೊಳೆಯಲಿಲ್ಲ. ಹೊರಗೆ ಬಂದಾಗ ರಝಾಕ್, "ನೀವು ಬಿಚ್ಚಿದ್ರಲ್ಲ ಮೇಡಂ, ಅಷ್ಟ ಸಾಕು" ಎಂದ.

ಅವ್ವನಿಗೆ ಹೇಳುವುದೇ ಕಷ್ಟವಾಯಿತು. ಕಾಲಿನ ಪಟ್ಟಿ ಬದಲಿಸುತ್ತ, ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಹಾರದ ಮಾತು ಬಂದಾಗ ಅವಳ ಪಾದ ನನ್ನ ಕೈಯಲ್ಲೇ ಬಿಗಿದುಕೊಂಡಿತು. ಅಳಲಿಲ್ಲ. ಕೇಳಿದಳು:

"ಅವ್ನ ಬೆವರು ನನ್ ಮೈಯಾಗ ಬರ್ತೈತೇನು?"

"ಬೆವರ ಬರೂದಿಲ್ಲವ್ವಾ. ಬರೇ ಸುದ್ದಿ ಬರ್ತೈತಿ. ನಿಂಗ ಬ್ಯಾಡ ಅನಿಸಿದ್ರ ಬ್ಯಾಡ, ನಾ ಒತ್ತಾಯ ಮಾಡೂದಿಲ್ಲ."

"ಅವಗ ದಣಿವ ಆಗತೈತಿಲ್ಲೋ?"

"ಆಗತೈತಿ."

"ಎದಿ ಉರೀತೈತಿಲ್ಲೋ?"

"ಉರೀತೈತಿ."

"ಹಂಗಾರ ಹಚ್ಚು" ಎಂದಳು ಅವ್ವ. "ಆದ್ರ ನಾ ಮನ್ಯಾಗ ಕುಂದರಾಕಿ ಅಲ್ಲ. ಅವ್ನ ಮಾರಿ ಮುಂದ ನನ್ ಕುರ್ಚಿ ಹಾಕ್ಸು."

ಹಾಕಿಸಿದೆ. ಗಾಲಿ ಕುರ್ಚಿಯಲ್ಲಿ, ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದು, ಅವ್ವ ದಿನಾ ಬೆಳಿಗ್ಗೆ ಅವನ ಸೈಕಲ್ಲಿನ ಎದುರು ಕೂರುತ್ತಿದ್ದಳು. ಸುತ್ತ ಹುಡುಗಿಯರು ತುಳಿಯುತ್ತಿದ್ದರು. ಅವರಲ್ಲಿ ಕೆಲವರು ಅವನ ಅಕಾಡೆಮಿ ಬಿಟ್ಟು ಬಂದವರೇ. ಮೊದಲ ದಿನ ಅವನು ಹ್ಯಾಂಡಲ್ ನೋಡುತ್ತ ತುಳಿಯುತ್ತಿದ್ದ.

"ಮಾರಿ ಎತ್ತು" ಎಂದಳು ಅವ್ವ.

ಎತ್ತಿದ.

"ಅವತ್ತ ನನ್ ಮಗಳು ಏನ್ ಉಂಡಿದ್ಲು?"

ಅವನ ಕಾಲು ನಿಂತಿತು. ಮೇಲೆ ಗಾಜಿನ ಕೋಣೆಯಲ್ಲಿ ಅವ್ವನ ಸಕ್ಕರೆಯ ಗೆರೆ ಇಳಿಯುವುದನ್ನು ಬಿಟ್ಟು ಅಡ್ಡಡ್ಡ ಹೋಯಿತು.

"ನಿಲ್ಲಬ್ಯಾಡ. ತುಳಕೋಂತ ಹೇಳು."

"ಏನೂ ಇಲ್ರಿ ಅವ್ವಾರ" ಎಂದ, ತುಳಿಯುತ್ತ. "ಓಟ ಮುಗದ್ ಮ್ಯಾಲೆ ಬರೇ ನೀರು."

"ನೀ ಏನ್ ಉಂಡಿದ್ದಿ?"

ಅವನು ಉತ್ತರ ಕೊಡಲು ಬಹಳ ದೂರ ತುಳಿಯಬೇಕಾಯಿತು. ಉಂಡಿದ್ದ. ಹೊಟ್ಟೆ ತುಂಬ ಉಂಡಿದ್ದ. ಅದನ್ನು ಅವನ ಬಾಯಿಂದಲೇ ಹೇಳಿಸಿದಳು.

ದಿನಕ್ಕೊಂದೇ ಪ್ರಶ್ನೆ. ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಸೂಜಿ ಎಲ್ಲಿಂದ ತಂದಿ? ಚುಚ್ಚುವಾಗ ಏನೆಂದು ಹೇಳಿದಿ? ಅಕಿ ಬ್ಯಾಡ ಅಂದಳೇನು? ಬಿದ್ದಾಗ ಯಾರು ಎತ್ತಿದರು? ಯಾರಿಗೆ ಸುಳ್ಳು ಹೇಳಂತ ಹೇಳಿದಿ? ಹೊಟ್ಟೆ ತುಂಬ ತಿಂದು ಬಂದು, ಚಹಾ ಕುಡಿದು, ಬುದ್ಧಿ ಸ್ವಾಧೀನದಲ್ಲಿ ಇಟ್ಟುಕೊಂಡೇ ಅವನು ಒಂದೊಂದಕ್ಕೂ ಉತ್ತರ ಹೇಳಿದ. ಹಾಲಿನ ತುಂಬ ಕೇಳುವಂತೆ ಹೇಳಿದ, ಏಕೆಂದರೆ ಮೆಲ್ಲಗೆ ಹೇಳಿದರೆ ಅವ್ವ, "ನಂಗ ಕಿವಿ ಮಂದ" ಎನ್ನುತ್ತಿದ್ದಳು. ಅವಳ ಕಿವಿ ಬೆಕ್ಕಿನ ಕಿವಿ.

ಒಂದು ದಿನ ಅವನು ಏದುಸಿರು ಬಿಡುತ್ತ, "ಇವತ್ತ ಆಗೂದಿಲ್ರಿ, ಕಾಲ್ ಸೋತಾವ" ಎಂದು ಇಳಿಯಲು ಹೋದ. ಪಕ್ಕದ ಸೈಕಲ್ಲಿನ ಶಾಂತಾ ರಾಠೋಡ, ಅವನ ಹಳೆಯ ಶಿಷ್ಯೆ, ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ನಾಟಕ ಮಾಡಬ್ಯಾಡ್ರಿ ಸರ್. ಮತ್ತ ಹತ್ರಿ." ಅವನು ಹತ್ತಿದ. ಹಾಲಿನಲ್ಲಿ ಯಾರೂ ನಗಲಿಲ್ಲ.

ಅವ್ವನ ಸಕ್ಕರೆ ಇಳಿಯಿತು, ಗಾಯದ ಅಂಚಿಗೆ ಹೊಸ ಕೆಂಪು ಮಾಂಸ ಬಂತು, ಕೀವು ನಿಂತಿತು. ಶಸ್ತ್ರವೈದ್ಯರು ನೋಡಿ ಹುಬ್ಬೇರಿಸಿದರು. ನನಗೆ ಖುಷಿಯೋ ಖುಷಿ. ಆದರೆ ಅದರ ಜೊತೆಗೇ ಇನ್ನೊಂದು ನಡೆಯಿತು. ಅದನ್ನು ನಾನು ಮೊದಲೇ ಊಹಿಸಬೇಕಾಗಿತ್ತು. ತುಳಿದರೆ ತುಳಿದವನ ಸಕ್ಕರೆಯೂ ಇಳಿಯುತ್ತದೆ. ಕೊಟ್ಯಾಳನ ಹೊಟ್ಟೆ ಕರಗಿತು. ಕಣ್ಣಿನ ರಕ್ತ ನಿಂತಿತು. ಕಪ್ಪು ಕನ್ನಡಕ ಹೋಯಿತು. ಅವನ ಹೆಂಡತಿ ನನಗೆ ಫೋನು ಮಾಡಿ, "ನಿಮ್ಮಿಂದ ನಮ್ಮನಿಯವ್ರು ಉಳದ್ರು ಮೇಡಂ, ನಿಮ್ ಹೊಟ್ಟಿ ತಣ್ಣಗಿರ್ಲಿ" ಎಂದಳು. ನನ್ನ ಹೊಟ್ಟೆ ಧಗಧಗ ಉರಿಯಿತು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. "ಸೇಡು ತೀರಿಸಾಕ ಹೋಗಿ ಅವ್ನ ಆಯುಷ್ಯಾ ಹೆಚ್ಚಿಗಿ ಮಾಡಿದೆನಲ್ಲವ್ವಾ! ನನ್ ಬುದ್ಧಿಗಿಷ್ಟು ಬೆಂಕಿ ಹಚ್ಚಾ!"

ಅವ್ವ ಶಾಂತವಾಗಿ ರೊಟ್ಟಿ ಬಡಿಯುತ್ತಿದ್ದಳು. ಎಷ್ಟೋ ದಿನಗಳ ನಂತರ ಒಲೆ ಮುಂದೆ ಬಂದಿದ್ದಳು. "ಗಟ್ಟಿ ಆಗ್ಲಿ ಬಿಡು" ಎಂದಳು. "ಅವ್ನ ಮೈ ಗಟ್ಟಿ ಇರಬೇಕು. ಭಾಳ ವರ್ಷ ಬದುಕಬೇಕು ಅವ."

ನನಗೆ ಅರ್ಥವಾಗಲಿಲ್ಲ. ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರಲ್ಲ, ಅವ್ವನಿಗೂ ಹಾಗೇ ಆಗಿದೆ ಎಂದುಕೊಂಡು ಒಳಗೊಳಗೇ ಅವಳ ಮೇಲೂ ಸಿಟ್ಟಾದೆ.

ಗಾಯ ಪೂರಾ ಮಾಯ್ದ ಮೇಲೆ ಒಂದು ಬೆಳಿಗ್ಗೆ ಅವ್ವ ಗಾಲಿ ಕುರ್ಚಿ ಬೇಡವೆಂದಳು. ನನ್ನ ತೋಳು ಹಿಡಿದು ಹಾಲಿನೊಳಗೆ ನಡೆದೇ ಬಂದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಕೊಟ್ಯಾಳನ ಮುಖದಲ್ಲಿ ಒಂದು ನಿರಾಳ ಕಂಡಿತು. ಸೈಕಲ್ ಇಳಿದು ಕೈಮುಗಿದ.

"ಕಾಲ್ ಮಾಯ್ತಲ್ರಿ ಅವ್ವಾರ. ಇನ್ನರ ನನ್ನ ಬಿಡ್ರಿ."

ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಾಯ್ತು" ಎಂದಳು. "ಚಂದ ಮಾಯ್ತು. ನಾ ಇದಕ್ಕ ಕಾಯಾಕತ್ತಿದ್ದೆ. ಈಗ ಠಾಣೇಕ ಹೊಂಟೀನಿ."

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಮಾತು ಕೊಟ್ಟೀರಿ! ತುಳದ್ರ ಪೊಲೀಸರ ಹಂತೇಕ ಹೋಗೂದಿಲ್ಲಂತ!"

"ಹೌದವ್ವಾ" ಎಂದೆ ನಾನು, ಬೆಪ್ಪಾಗಿ. "ನಾ ಮಾತು ಕೊಟ್ಟೀನಿ."

"ನೀ ಕೊಟ್ಟಿ. ನೀ ಹೋಗಬ್ಯಾಡ" ಎಂದಳು ಅವ್ವ. "ನಾ ಯಾರಿಗೂ ಕೊಟ್ಟಿಲ್ಲ. ಮದಲ ಹೋದಾಗ ಒಬ್ಬಾಕಿನ ಹೋಗಿದ್ದೆ. ನಕ್ಕ ಕಳಿಸಿದ್ರು. ಈಗ ಇವ ಹೇಳಿದ್ದು ಇವ್ರೆಲ್ಲಾರೂ ಕೇಳ್ಯಾರ. ದಿನಾ ಕೇಳ್ಯಾರ." ಹಾಲಿನತ್ತ ಕೈ ಬೀಸಿದಳು. "ಬರ್ತೀರೇನವಾ?"

ಮೊದಲು ಶಾಂತಾ ಇಳಿದಳು. ಅವಳ ಹಿಂದೆ ಒಬ್ಬೊಬ್ಬರೇ ಇಳಿದರು. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಸೋಫಾದ ಮೇಲೆ ಕೂತವರ ತೊಡೆಗಳು ಒಮ್ಮೆಲೇ ಅದುರುವುದನ್ನು ಬಿಟ್ಟಿರಬೇಕು. ಮೇಲಿನ ಕೋಣೆಯ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು. ರಝಾಕ್ ಅವುಗಳನ್ನು ಹಾಗೇ ಬಡಿದುಕೊಳ್ಳಲು ಬಿಟ್ಟು, ಇಳಿಕೆ ಪರೀಕ್ಷೆಯ ಧ್ವನಿಮುದ್ರಣದ ಪ್ರತಿಯನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಬಂದ. "ನಾನೂ ಮಾತು ಕೊಟ್ಟಿಲ್ರಿ" ಎಂದ.

"ಅವ್ವಾ" ಎಂದೆ, ಅವಳ ಕಿವಿಯ ಹತ್ತಿರ. "ಅವ ಒಳಗ ಹೋದ್ರ ನಿಂಗ ಯಾರು ತುಳೀತಾರ? ಸಕ್ಕರಿ ಮತ್ತ ಏರ್ತೈತಿ. ಕಾಲು..."

"ಸೂಜಿ ಚುಚ್ಚು" ಎಂದಳು.

"ಏನು?"

"ಕಿವುಡಿ ಆದಿಯೇನು? ನಾಳಿಂದ ಸೂಜಿ ಚುಚ್ಚು ಅಂದೆ. ಅವ್ನ ಬಾಯಿಲೆ ಎಲ್ಲಾ ಕೇಳಿದ್ ಮ್ಯಾಲೆ ಸೂಜಿ ಮ್ಯಾಲಿನ ಸಿಟ್ಟ ಹೋಗೇತಿ. ಎಲ್ಲಾ ಸಿಟ್ಟೂ ಒಬ್ಬನ ಮ್ಯಾಲ ಕೂಡೇತಿ."

ಕೊಟ್ಯಾಳ ಸೈಕಲ್ಲಿಗೆ ಆತು ನಿಂತಿದ್ದ. ಓಡಿಹೋಗುವಷ್ಟು ಕಸುವು ಆ ಕಾಲುಗಳಲ್ಲಿ ಈಗ ಚೆನ್ನಾಗಿಯೇ ಇತ್ತು, ಆದರೆ ಓಡಲಿಲ್ಲ. "ನನ್ ಹೆಂಡ್ತಿ ಮಕ್ಕಳ ಮಾರಿ ನೋಡ್ರಿ ಅವ್ವಾರ" ಎಂದ.

"ಅವ್ರು ಬರ್ತಾರೇಳು ನಿನ್ ನೋಡಾಕ. ತಿಂಗಳಿಗೊಮ್ಮೆ ಬಿಡ್ತಾರಂತ" ಎಂದಳು ಅವ್ವ, ಹಿಂದಿರುಗಿಯೂ ನೋಡದೆ.

ಕೇಂದ್ರದಿಂದ ಠಾಣೆ ದೂರವೇನಲ್ಲ. ಕಾರು ತರುತ್ತೇನೆ ಎಂದರೆ ಅವ್ವ ಕೇಳಲಿಲ್ಲ. ಬಿಸಿಲಲ್ಲಿ ಮುಂದೆ ಮುಂದೆ ನಡೆದಳು, ಹಿಂದೆ ಬೆವತ ಅಂಗಿಗಳ ಹುಡುಗಿಯರು. ಅವ್ವನ ಸಕ್ಕರೆ ಹೇಗಿದೆಯೋ ಎಂದು ದಾರಿಯುದ್ದಕ್ಕೂ ನನ್ನ ಫೋನಿನಲ್ಲಿ ಅವಳ ಗೆರೆ ನೋಡುತ್ತಿದ್ದೆ. ಯಾರೂ ಅವಳಿಗಾಗಿ ತುಳಿಯುತ್ತಿರಲಿಲ್ಲ. ಗೆರೆ ಮೆಲ್ಲಗೆ, ನೆಟ್ಟಗೆ ಇಳಿಯುತ್ತಿತ್ತು. ನಡೆಯುವ ಸ್ನಾಯು ತನ್ನ ಅಗಳಿಯನ್ನು ತಾನೇ ಸರಿಸಿಕೊಂಡಿತ್ತು. ಮಾತು ಕೊಟ್ಟವಳು ನಾನು, ಠಾಣೆಯ ಗೇಟಿನ ಹೊರಗೇ ನಿಂತೆ. ಒಳಗಿನದೆಲ್ಲ ಕಿಟಕಿಯಿಂದ ಕೇಳುತ್ತಿತ್ತು.

ಮೇಜಿನ ಹಿಂದಿದ್ದ ಪೊಲೀಸಿನವನು ಇಷ್ಟು ಜನರನ್ನು ಕಂಡು ಎದ್ದುನಿಂತು ಕುರ್ಚಿ ಎಳೆದ. "ಕುಂದರ್ರಿ ಅವ್ವಾರ, ಕುಂದರ್ರಿ. ದಣದ್ ಬಂದೀರಿ."

"ಕುಂದರಾಕ ಬಂದಿಲ್ಲ" ಎಂದಳು ಅವ್ವ. "ನಿಂತ ಹೇಳ್ತೀನಿ. ಬರ್ಕೋ."